ಕಣ್ಣು ಕೆಂಪಗಿದ್ದದ್ದು ನಿದ್ದೆಯಿಂದಲ್ಲ

ಆ ಸಿನಿಮಾ ಬೋರು ಅಂತ ನಾನು ಹೇಳಿದ್ದು ಸುಳ್ಳು. ನನಗೆ ನಿದ್ದೆ ಬಂದಿರಲಿಲ್ಲ. ನಾನು ಅತ್ತಿದ್ದೆ — ಮೂಗು ಸೋರುವಷ್ಟು ಅತ್ತಿದ್ದೆ.

ಎರಡು ವರ್ಷ ಇದನ್ನು ಬಚ್ಚಿಟ್ಟೆ. ಈಗ ಹೇಳುತ್ತೇನೆ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ; ಎಸ್‌ಎಸ್‌ಎಲ್‌ಸಿ ಎರಡು ಸಲ ಕಟ್ಟಿ ಎರಡು ಸಲವೂ ಫೇಲಾದವನು. ಹೆಂಡತಿ ರೇಖಾ ನರ್ಸು. ಅವಳ ವೀಸಾದ ಮೇಲೆ ಮೆಲ್ಬರ್ನಿಗೆ ಬಂದೆ. ಪಾಯಿಂಟ್ ಕುಕ್‌ನಲ್ಲಿ ಮನೆ, ಬಾತ್‌ರೂಮುಗಳಿಗೆ ಟೈಲ್ಸ್ ಹಾಕುವ ಕೆಲಸ.

ಫೋನಿನಲ್ಲಿ ನಮ್ಮದೊಂದು ಗ್ರೂಪ್ ಇದೆ — ಸಿಡ್ನಿ, ಮೆಲ್ಬರ್ನ್ ಎರಡೂ ಕಡೆಯ ಕನ್ನಡದವರು. ಓದಿದ ಪುಸ್ತಕ, ನೋಡಿದ ಸಿನಿಮಾ ಹೇಗಿತ್ತು ಅಂತ ಹೇಳಿಕೊಳ್ಳುವುದು. ಡಾಕ್ಟರ್ ಅಂಕಲ್‌ಗಳು, ಐಟಿಯವರು ಉದ್ದುದ್ದ ಬರೆಯುತ್ತಾರೆ. ಪುಸ್ತಕದ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಸಿನಿಮಾಕ್ಕೆ ನನ್ನದು ಒಂದೇ ಮಾತು: "ಹೋಗಿ" — ಇಲ್ಲವೇ "ಮನೇಲಿ ಮಲ್ಕೊಳಿ". ಆದರೆ ಜನ ಕಾಯುತ್ತಿದ್ದದ್ದು ನನ್ನ ಮಾತಿಗೇ. "ಶಿವು ಏನಂದ? ಅವನು ಮುಲಾಜು ನೋಡಲ್ಲ" ಅನ್ನುತ್ತಿದ್ದರು. ಅದು ನನಗೆ ಬಲು ಖುಷಿ. ಓದಿದವರ ಮಧ್ಯೆ ನನಗೂ ಒಂದು ಕುರ್ಚಿ ಹಾಕಿದ ಹಾಗೆ.

ಇಲ್ಲಿ ಕನ್ನಡ ಸಿನಿಮಾ ತಾನಾಗಿ ಬರುವುದಿಲ್ಲ. ಯಾರೋ ಒಬ್ಬರು ಓಡಾಡಿ ಥಿಯೇಟರಿನವರನ್ನು ಒಪ್ಪಿಸಬೇಕು. ಬಂದರೆ ಮೆಲ್ಬರ್ನಿನಲ್ಲಿ ಶನಿವಾರ ಒಂದು ಶೋ, ಸಿಡ್ನಿಯಲ್ಲಿ ಭಾನುವಾರ ಒಂದು ಶೋ, ಮುಗೀತು. ಸಿಡ್ನಿಯವರು ಜಾಣರು. ಶನಿವಾರ ನಾವು ಏನನ್ನುತ್ತೇವೋ ಕೇಳಿಕೊಂಡೇ ಟಿಕೆಟ್ ಬುಕ್ ಮಾಡುತ್ತಾರೆ.

ಸಿಡ್ನಿ ಶೋ ಮಂಜಣ್ಣನದು. ಮಂಡ್ಯ ಕಡೆಯವನು, ಪೆಂಡಲ್ ಹಿಲ್‌ನ ಒಂದು ದಿನಸಿ ಅಂಗಡಿಯಲ್ಲಿ ಕೆಲಸ. ಅಕ್ಕಿ ಮೂಟೆ ಇಳಿಸಿದ ಕೈಯಲ್ಲೇ ಪೋಸ್ಟರ್ ಅಂಟಿಸುತ್ತಾನೆ. ಆ ಸಲ ಮೊದಲ ಬಾರಿಗೆ ಅವನಿಗೆ ಇನ್ನೂರು ಸೀಟಿನ ದೊಡ್ಡ ಹಾಲ್ ಸಿಕ್ಕಿತ್ತು. "ಇದು ತುಂಬುದ್ರೆ ಮುಂದಿನ ಸಿನ್ಮಾನೂ ಕೊಡ್ತಾರಂತೆ ಕಣ್ಲಾ. ತುಂಬ್ನಿಲ್ಲ ಅಂದ್ರೆ ಬಾಗ್ಲು ಮುಚ್ದಂಗೇ" ಅಂದಿದ್ದ.

ಶನಿವಾರ ನಾನು ಹೋದೆ. ರೇಖಾಗೆ ಡ್ಯೂಟಿ ಇತ್ತು; ಚೆನ್ನಾಗಿದ್ದರೆ ಭಾನುವಾರ ಸಿಡ್ನಿಗೆ ಹೋಗಿ ಮಂಜಣ್ಣನ ಶೋನಲ್ಲೇ ನೋಡುತ್ತೇನೆ ಅಂದಿದ್ದಳು.

ಸಿನಿಮಾದಲ್ಲಿ ಗಂಡ ಗಾರೆ ಕೆಲಸದವನು, ಹೆಂಡತಿ ಓದಿದವಳು. ಅವಳಿಗೆ ದೊಡ್ಡ ಸಭೆಯಲ್ಲಿ ಮೆಡಲ್ ಕೊಡುತ್ತಾರೆ. ಇವನು ಒಳಗೆ ಹೋಗುವುದಿಲ್ಲ — "ಸ್ಕೂಟರ್ ನೋಡ್ಕೊಂಡಿರ್ತೀನಿ" ಅಂತ ಹೊರಗೇ ನಿಲ್ಲುತ್ತಾನೆ. ಹಾಲ್ ಪೂರ್ತಿ ನಕ್ಕಿತು. ನಾನು ನಗಲಿಲ್ಲ. ರೇಖಾಗೆ ಆಸ್ಪತ್ರೆಯಲ್ಲಿ ಸನ್ಮಾನ ಆದ ದಿನ ನಾನೂ ಕಾರಿನಲ್ಲೇ ಕೂತಿದ್ದೆ — ಪಾರ್ಕಿಂಗ್ ಟೈಮ್ ಮುಗಿಯುತ್ತೆ ಅಂತ. ಆಮೇಲೆ ಸಿನಿಮಾದ ಹೆಂಡತಿ ಹೊರಗೆ ಬರುತ್ತಾಳೆ. ಭಾಷಣ ಇಲ್ಲ, ಹಾಡಿಲ್ಲ. ಕೊರಳಿನ ಮೆಡಲ್ ತೆಗೆದು ಸ್ಕೂಟರಿನ ಕನ್ನಡಿಗೆ ನೇತು ಹಾಕುತ್ತಾಳೆ. "ನಡಿ, ಹಸಿವಾಗ್ತಿದೆ" ಅನ್ನುತ್ತಾಳೆ. ಅಷ್ಟೇ. ನನಗೆ ಏನಾಯಿತೋ —

ಹೊರಗೆ ಬಂದರೆ ಗೆಳೆಯ ಹರೀಶ ಫೋನ್ ಹಿಡಿದು ನಿಂತಿದ್ದ, ಗ್ರೂಪಿಗೆ ವಿಡಿಯೋ ಮಾಡಲು. ಸುತ್ತ ಹತ್ತಿಪ್ಪತ್ತು ಜನ. "ಏನ್ ಶಿವು, ಕಣ್ಣು ಕೆಂಪಗಿದೆ? ಅತ್ಬಿಟ್ಯಾ?"

"ಅಳೋದಾ? ನಿದ್ದೆ ಬಂದಿತ್ತು ಗುರು. ಬೋರು. ಮನೇಲಿ ಮಲ್ಕೊಳಿ."

ಎಲ್ಲರೂ ಗೊಳ್ಳೆಂದರು. ನಾನು ಕಾರು ಹತ್ತುವ ಮೊದಲೇ ವಿಡಿಯೋ ಸಿಡ್ನಿಗೆ ಹೋಗಿತ್ತು. ಚೆನ್ನಾಗಿದೆ ಅಂತ ಬೇರೆಯವರು ಬರೆದರು — ಆದರೆ ಅವರು ಎಲ್ಲದಕ್ಕೂ ಚೆನ್ನಾಗಿದೆ ಅನ್ನುವವರೇ. ಭಾನುವಾರ ಮಧ್ಯಾಹ್ನದವರೆಗೂ ನನಗೆ ಸಮಯವಿತ್ತು. ಒಂದು ಸಾಲು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ.

ಭಾನುವಾರ ಸಂಜೆ ಮಂಜಣ್ಣನ ಫೋನು. "ಅನ್ನೊಂದು ಜನ ಕಣ್ಲಾ, ಕ್ರಿಕೆಟ್ ಟೀಮು! ಆದ್ರೂ ಒಬ್ರು ಆಂಟಿ ಎದ್ ನಿಂತು ವಿಸ್ಲ್ ಒಡುದ್ರು ನೋಡು — ಇಡೀ ಆಲೇ ಅವ್ರುದು!"

"ಬೈಯಿ ಮಂಜಣ್ಣ" ಅಂದೆ.

"ಯಾಕ್ಲಾ ಬೈಲಿ? ನಿಂಗ್ ಇಡಿಸ್ನಿಲ್ಲ, ಇಡಿಸ್ನಿಲ್ಲ ಅಂದೆ. ಸುಳ್ಳೇಳೋನಾ ನೀನು?"

ಆಗಲೂ ಬಾಯಿ ಬಿಡಲಿಲ್ಲ. ಅವನು ಹೇಳಿದ ಹಾಗೇ ಆಯಿತು, ಥಿಯೇಟರಿನ ಬಾಗಿಲು ಮುಚ್ಚಿತು. ಎರಡು ವರ್ಷ ಅವನಿಗೆ ಶೋ ಸಿಗಲಿಲ್ಲ.

ಹೋದ ತಿಂಗಳು ಅದೇ ಸಿನಿಮಾ ಟಿವಿಯಲ್ಲಿ ಸಿಕ್ಕಿತು. "ನೀನೇ ಬೋರು ಅಂದಿದ್ಯಲ್ಲ, ಹಾಕ್ಲಾ ಬೇಡ್ವಾ?" ಅಂದಳು ರೇಖಾ. ಹಾಕು ಅಂದೆ. ಮೆಡಲ್ ಕನ್ನಡಿಗೆ ಬಿತ್ತು. ಸಿನಿಮಾದವಳು ಬಾಯಿ ತೆರೆಯುವ ಮೊದಲೇ ನನ್ನ ಬಾಯಿಂದ ಬಂತು — "ನಡಿ, ಹಸಿವಾಗ್ತಿದೆ."

ರೇಖಾ ಸಿನಿಮಾ ನಿಲ್ಲಿಸಿದಳು. "ನಿದ್ದೆ ಮಾಡ್ದೋನಿಗೆ ಡೈಲಾಗ್ ಹೆಂಗೆ ಗೊತ್ತು?"

ಎಲ್ಲ ಹೇಳಿದೆ. ಕಾರಿನಲ್ಲಿ ಕೂತಿದ್ದನ್ನೂ. ಅವಳು ಸೋಫಾ ಮೇಲೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಅವತ್ತು ಪಾರ್ಕಿಂಗಿಗೆ ಇನ್ನೂ ಎರಡು ಗಂಟೆ ಟೈಮಿತ್ತು. ನಂಗೊತ್ತಿತ್ತು ಕಣೋ" ಅಂದಳು. ರಿಮೋಟ್ ಕೆಳಗಿಟ್ಟು — "ಮಂಜಣ್ಣಂಗೆ ಹೇಳಿದ್ಯಾ?"

ಮಂಜಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನ ಹಿಂದೆ ಅಂಗಡಿಯಲ್ಲಿ ಯಾರೋ ಕರಿಬೇವು ಕೇಳುತ್ತಿದ್ದರು.

"ಎಲ್ ಅತ್ತೆ? ಸ್ಕೂಟರ್ ತಾವಾ?"

"ಹೂಂ."

"ನಾನೂವೆ" ಅಂದ. ಆಮೇಲೆ ಬೈದ ನೋಡಿ — ಎರಡು ವರ್ಷದ್ದೂ ಸೇರಿಸಿ, ಬಾಯ್ತುಂಬ ಬೈದ. ಅಷ್ಟು ಒಳ್ಳೆಯ ಬೈಗುಳ ನಾನು ಯಾವತ್ತೂ ತಿಂದಿರಲಿಲ್ಲ.

ಈಗ ಅವನಿಗೆ ಮತ್ತೆ ಒಂದು ಶೋ ಸಿಕ್ಕಿದೆ. ಬೇರೆ ಸಿನಿಮಾ, ಸಣ್ಣ ಹಾಲ್. ಮೆಲ್ಬರ್ನಿನಲ್ಲಿ ಇಲ್ಲ, ಸಿಡ್ನಿಯಲ್ಲಿ ಮಾತ್ರ. ನಾನು, ರೇಖಾ ಹೊರಟಿದ್ದೇವೆ. "ಬಾಗಿಲಲ್ಲಿ ಕ್ಯಾಮೆರಾ ಹಿಡಿ ಮಂಜಣ್ಣ. ಅತ್ತಿದ್ರೆ ಅತ್ತೆ ಅಂತೀನಿ, ಬೋರಾದ್ರೆ ಬೋರು ಅಂತೀನಿ" ಅಂದೆ.

"ಬೋರಾದ್ರೆ ಸೋಮ್ವಾರ ಏಳಪ್ಪಾ" ಅಂದ.

ಆ ಹಳೆಯ ಸಿನಿಮಾದ ಬಗ್ಗೆ ನನ್ನ ನಿಜವಾದ ಮಾತು ಇಷ್ಟೇ: ಹೋಗಿ. ಹೋಗಲು ಈಗ ಹಾಲೂ ಇಲ್ಲ, ಶೋವೂ ಇಲ್ಲ. ರೇಖಾ ಕೂಡ ಅದನ್ನು ಇನ್ನೂರು ಜನರ ನಡುವೆ ಕೂತು ನೋಡಬೇಕಿತ್ತು. ಸೋಫಾ ಮೇಲೆ ನೋಡಿದಳು. ಅದು ನನ್ನಿಂದ ಆದದ್ದು.