ಸ್ಟೂರೆಯವರ ಲಾಂಡ್ರಿಯ ಹಳೇ ಪಾಲಿಸಿ

ಪದ್ಮಿನಿಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಇದೊಂದು ದೋಷವೆಂದು ಹನುಮಂತನಗರದ ಹುಡುಗಿಗೆ ಗೊತ್ತಾದದ್ದೇ ಸ್ವೀಡನ್ನಿನ ಲಿಂಕೋಪಿಂಗಿಗೆ ಬಂದ ಮೇಲೆ. ಇಲ್ಲಿನ ಮೀಟಿಂಗುಗಳಲ್ಲಿ ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಬಾಯಿ ತೆರೆಯುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಆ ಮೌನವನ್ನು ಇವಳೇ ತುಂಬುತ್ತಾ ಹೋದದ್ದರಿಂದ, ಅಪಾರ್ಟ್‌ಮೆಂಟ್ ಸಂಘದವರು ಇವಳನ್ನೇ ಕಮಿಟಿಗೆ ಹಾಕಿಬಿಟ್ಟರು. “ಬೇಡ ಕಣೇ, ಸುಮ್ನೆ ತಲೆನೋವು” ಅಂದಿದ್ದ ಗಂಡ ಅಶ್ವತ್ಥ. ಇವಳು ಕೇಳಬೇಕಲ್ಲ!

ತಲೆನೋವು ನೆಲದಡಿಯಿಂದ ಬಂತು. ಕಟ್ಟಡದ ಹಿಂದೆ ಹೊಸ ಪೈಪು ಹಾಕಲು ಅಗೆದಾಗ ತಲೆ ಸುತ್ತಿಸುವಂಥ ಸಿಹಿ ವಾಸನೆ ಎದ್ದಿತು. ಕೊಮ್ಯೂನಿನವರು, ಅಂದರೆ ನಮ್ಮ ಕಡೆಯ ನಗರಸಭೆಯವರಂಥವರು, ಮಣ್ಣನ್ನು ಪರೀಕ್ಷೆಗೆ ಒಯ್ದರು. ಸಿಕ್ಕಿದ್ದು ಡ್ರೈಕ್ಲೀನಿಂಗಿನ ವಿಷದ ದ್ರಾವಕ. ಎಪ್ಪತ್ತರ ದಶಕದಲ್ಲಿ ಅಲ್ಲಿ ಸ್ಟೂರೆ ಎನ್ನುವವರ ಲಾಂಡ್ರಿ ಇತ್ತು. ಲಾಂಡ್ರಿ ಮುಚ್ಚಿ ಎಷ್ಟೋ ಕಾಲವಾಗಿದೆ, ಸ್ಟೂರೆಯವರೂ ಈಚೆಗೆ ತೀರಿಕೊಂಡರು. ಕೆಡಿಸಿದವರು ಇಲ್ಲದಿದ್ದರೆ ನೆಲದ ಒಡೆಯರೇ ಶುದ್ಧ ಮಾಡಿಸಬೇಕು ಅಂದಿತು ಕೊಮ್ಯೂನು. ಒಡೆಯರು ಅಂದರೆ ಸಂಘ, ಸಂಘ ಅಂದರೆ ಅಲ್ಲಿನ ಅಷ್ಟೂ ಮನೆಯವರು. ತನ್ನ ಪಾಲು ಕೊಡಬೇಕೆಂದರೆ ಪದ್ಮಿನಿ ಮನೆ ಮಾರಬೇಕು. ವಿಷದ ನೆಲದ ಮೇಲಿನ ಮನೆಯನ್ನು ಕೊಳ್ಳುವವರು ಯಾರು?

ಅವಳು ಕೂತಲ್ಲಿ ಕೂರಲಾರದಾದಳು. ಆಫೀಸಿನಲ್ಲಿ ಕೆಲಸ ಅರ್ಧಕ್ಕೆ ಬಿಟ್ಟು ವಕೀಲರಿಗೆ ಫೋನು. ಮನೆಗೆ ಬಂದರೆ ಮಗಳು ನೈನಾಳ ಬೂಟು ತೊಳೆಯುವುದು, ಒಣಗುವ ಮೊದಲೇ ಮತ್ತೆ ತೊಳೆಯುವುದು. “ಪದ್ದು, ಸಾಕು ಬಿಡೇ! ಶಿಶುವಿಹಾರದಲ್ಲಿ ಅವಳ ಟೀಚರೇ ಕೇಳ್ತಿದಾರೆ, ಬೂಟು ದಿನಾ ಯಾಕೆ ಒದ್ದೆ ಅಂತ” ಎಂದು ಅಶ್ವತ್ಥ ರೇಗಿದ.

ದಾರಿ ತೋರಿಸಿದ್ದು ಸಂಘದ ವಕೀಲರು. ಆ ಕಾಲದ ವ್ಯಾಪಾರಸ್ಥರು ಹೊಣೆಗಾರಿಕೆ ವಿಮೆ ಮಾಡಿಸಿರುತ್ತಿದ್ದರಂತೆ. ತಮ್ಮ ಕೆಲಸದಿಂದ ಬೇರೆಯವರಿಗೆ ನಷ್ಟವಾದರೆ ವಿಮೆ ಕಂಪನಿ ತುಂಬಿಕೊಡಬೇಕು. ಅವಘಡ ಪಾಲಿಸಿಯ ವರ್ಷಗಳಲ್ಲೇ ಆಗಿತ್ತೆಂದು ತೋರಿಸಿದರೆ, ಇಷ್ಟು ತಡವಾಗಿಯಾದರೂ ಕೇಳಿ ನೋಡಬಹುದು. ಪಾಲಿಸಿ ಸಿಗುವುದೂ ಕಷ್ಟವಾಗಲಿಲ್ಲ. ಸ್ಟೂರೆಯವರ ಹೆಂಡತಿ ಗುನ್ವೋರ್ ಅದೇ ಕಟ್ಟಡದ ಕೆಳಗಿನ ಮನೆಯಲ್ಲಿದ್ದಾರೆ, ಕೇಳಿದ ತಕ್ಷಣ ತಂದುಕೊಟ್ಟರು. ತೊಡಕಿದ್ದದ್ದು ಬೇರೆ ಕಡೆ. ದ್ರಾವಕ ಆಕಸ್ಮಿಕವಾಗಿ ಸೋರಿದ್ದರೆ ಕಂಪನಿ ಕೊಡುತ್ತದೆ, ಬೇಕೆಂದೇ ಸುರಿದಿದ್ದರೆ ಕಾಸೂ ಇಲ್ಲ. ಯಾವುದು ನಿಜ ಎಂದು ಬಲ್ಲವರು ಗುನ್ವೋರ್ ಒಬ್ಬರೇ. ಅವರು ಯಾರು ಕೇಳಿದರೂ “ನೆನಪಿಲ್ಲ” ಎನ್ನುತ್ತಿದ್ದರು.

ವಿಮೆ ಕಂಪನಿಯ ಮಾಟ್ಸ್ ಎಂಬಾತ ಗುನ್ವೋರ್ ಅವರನ್ನು ಮಾತಾಡಿಸಲು ಬರುವುದೆಂದಾಯಿತು. ಪದ್ಮಿನಿ ಪಕ್ಕದಲ್ಲಿದ್ದರೆ ಮಾತ್ರ ಕೂರುತ್ತೇನೆ ಎಂದು ಮುದುಕಿ ಹಟ ಹಿಡಿದರು. “ಇರಿ, ಆದರೆ ಬಾಯಿ ಬಿಡಬೇಡಿ” ಎಂದು ವಕೀಲರು ಪದ್ಮಿನಿಗೆ ಬಿಡಿಸಿ ಹೇಳಿದ್ದರು.

ಫಿಕಾ ನಡೆಯಿತು, ಕಾಫಿ, ದಾಲ್ಚಿನ್ನಿ ಬನ್ನು. ಮಾಟ್ಸ್ ಕೇಳಿದ, “ಯಂತ್ರವೋ ಟ್ಯಾಂಕೋ ಯಾವಾಗಲಾದರೂ ಸೋರಿತ್ತೆ?”

ಗುನ್ವೋರ್ ಕಪ್ಪನ್ನೇ ನೋಡುತ್ತಾ ಕೂತರು. ಗೋಡೆಯ ಮೇಲೆ ಸ್ಟೂರೆಯವರ ಫೋಟೊ. ಮೌನ ಬೆಳೆಯುತ್ತಲೇ ಹೋಯಿತು. ತೀರಿಕೊಂಡವರ ಫೋಟೊದ ಮುಂದೆ, ಅವರ ಹೆಂಡತಿಯ ಎದುರಿಗೆ, ಒಂದು ಒಳ್ಳೆಯ ಮಾತಾಡದೆ ಕೂರುವುದು ಪದ್ಮಿನಿಯ ಮನೆತನದಲ್ಲೇ ಇಲ್ಲ. ಬಾಯಿ ತಡೆಯಲಿಲ್ಲ.

“ಸ್ಟೂರೆ ದೇವರಂಥವರು. ನನ್ನ ಮಗಳ ತಳ್ಳುಗಾಡಿಯ ಚಕ್ರವನ್ನು ಕೇಳದೇ ರಿಪೇರಿ ಮಾಡಿಕೊಟ್ಟವರು. ಅಷ್ಟು ಅಚ್ಚುಕಟ್ಟು! ಅವರ ಕೈಕೆಳಗೆ ಒಂದು ತೊಟ್ಟೂ ಸೋರಿರಲಿಕ್ಕಿಲ್ಲ.”

ಮಾಟ್ಸ್ ಅದನ್ನು ನೆಮ್ಮದಿಯಾಗಿ ಬರೆದುಕೊಂಡ. “ಸೋರಿಲ್ಲ,” ಅಂದ. “ಸೋರದೆ ನೆಲಕ್ಕೆ ಇಳಿದಿದೆ ಅಂದರೆ, ಯಾರೋ ಸುರಿದಿದ್ದಾರೆ.”

ಪದ್ಮಿನಿಗೆ ಆಗ ಅರ್ಥವಾಯಿತು. ಸ್ಟೂರೆಯವರನ್ನು ಹೊಗಳಿ ಹೊಗಳಿ ತನ್ನ ಮನೆಯನ್ನು ತಾನೇ ಮುಳುಗಿಸಿದ್ದಳು. “ಅಯ್ಯೋ, ಹಾಗಲ್ಲ! ಆ ಲಾಂಡ್ರಿ ನಾನು ನೋಡೇ ಇಲ್ಲ. ಆಗ ನಾನು ಹುಟ್ಟಿಯೇ ಇರಲಿಲ್ಲ!”

“ಅವಳನ್ನು ಬಿಡಿ,” ಎಂದರು ಗುನ್ವೋರ್. “ಸ್ಟೂರೆ ಸುರಿಯಲಿಲ್ಲ. ಚಳಿಗೆ ಟ್ಯಾಂಕಿನ ಕೊಳವೆ ಒಡೆದಿತ್ತು. ಬೆಳಿಗ್ಗೆ ನಾವು ಬಾಗಿಲು ತೆಗೆಯುವಷ್ಟರಲ್ಲಿ ಎಲ್ಲ ಹರಿದುಹೋಗಿತ್ತು. ಹೇಳಿದರೆ ಅಂಗಡಿ ಮುಚ್ಚಿಸುತ್ತಾರೆ ಎಂದು ಮೇಲೆ ಜಲ್ಲಿ ಹರಡಿದೆವು. ಜಲ್ಲಿ ಹೊತ್ತು ತಂದವಳು ನಾನು. ಪಾಲಿಸಿ ಕೊಟ್ಟೆ, ಇದನ್ನು ಹೇಳಲಿಲ್ಲ. ಅವನ ಹೆಸರು ಕೆಡುತ್ತದೆ ಅಂತ.”

ಪದ್ಮಿನಿಗೆ ಮೊದಲು ಆದದ್ದು ಸಂತೋಷ, ಸುಳ್ಳು ಯಾಕೆ? ಒಡೆದ ಕೊಳವೆ, ಆಕಸ್ಮಿಕ! ಕಂಪನಿ ಕೊಸರಾಡಬಹುದು, ಆದರೂ ಕೇಳಲು ಈಗ ಬಲ ಬಂತು. ಮುದುಕಿಯ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು. ಹಿಡಿದೇಬಿಟ್ಟಳು.

ಗುನ್ವೋರ್ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು.

“ಪೂರ್ತಿ ಕೇಳು. ಆಮೇಲೆ ಆ ಜಲ್ಲಿಯ ಜಾಗದಲ್ಲೇ ಮಕ್ಕಳಿಗೆ ಮರಳಿನ ಗುಂಡಿ ಮಾಡೋಣ ಅಂತ ಸಂಘದ ಸಭೆಯಲ್ಲಿ ಕೇಳಿದರು. ನಾನೂ ಅಲ್ಲಿದ್ದೆ. ಎಲ್ಲರ ಜೊತೆ ಒಪ್ಪಿ ಕೈ ಎತ್ತಿದೆ.”

ನೈನಾ ಎರಡು ಬೇಸಿಗೆ ಅದೇ ಗುಂಡಿಯಲ್ಲಿ ಅಡುಗೆಯಾಟ ಆಡಿದ್ದಳು. ಪುಟ್ಟ ಕೈಯಿಂದ ಮರಳು ಅಗೆದು ಅಗೆದು, ಬಾಯಿಗೂ ಹಾಕಿಕೊಂಡು. ಪದ್ಮಿನಿ ಎದ್ದು ನಿಂತಳು. ಆ ಮುದುಕಿಯ ಕೆನ್ನೆಗೆ ಹೊಡೆದುಬಿಡುವಷ್ಟು ಸಿಟ್ಟು ಬಂದಿತ್ತು, ಹೇಳಲು ಮಾತ್ರ ಒಂದು ಮಾತೂ ಇರಲಿಲ್ಲ.

ಮಾಟ್ಸ್ ಇಬ್ಬರ ಮುಖವನ್ನೂ ನೋಡಿದ. “ಇದು ಕ್ಲೇಮಿಗೆ ಬೇಕಿಲ್ಲ,” ಎಂದ. “ಬಿಟ್ಟುಬಿಡಲೇ?”

“ಬರೀರಿ,” ಅಂದಳು ಪದ್ಮಿನಿ.