ಫೋರ್ ಇದ್ದದ್ದನ್ನು ತ್ರೀ ಎಂದು ಬರೆದೆ

ಕೋವಿಡ್ ಕಳೆದ ಮೇಲೆ ಬಂದ ಎರಡನೆಯ ಮಳೆಗಾಲ. ಆಗ ನಾನು ನ್ಯಾಮತಿಯ ಒಂದು ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಅದೇ ಗ್ಯಾರೇಜಿನ ರ‍್ಯಾಲಿ ಕಾರಿಗೆ ಹದಿನೈದು ವರ್ಷಗಳಿಂದ ಡ್ರೈವರ್ ಕೂಡ. ಗ್ಯಾರೇಜೂ ಕಾರೂ ಬಸಣ್ಣನವು. ನನಗಿಂತ ಹನ್ನೆರಡು ವರ್ಷ ಹಿರಿಯರಾದ ಅವರೇ ಅಷ್ಟೂ ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತ ನ್ಯಾವಿಗೇಟರ್. ಹೊನ್ನಾಳಿಯಿಂದ ಜಗಳೂರಿನವರೆಗೆ ಮಣ್ಣಿನ ರಸ್ತೆಯಲ್ಲಿ ಕಾರು ಓಡಿಸುವವರ ಮಾತು ಬಂದರೆ ಜನ ಮೊದಲು ಹೇಳುತ್ತಿದ್ದದ್ದು ಪರಮೇಶ ಎಂಬ ನನ್ನ ಹೆಸರನ್ನು. ಆ ಮಾತಿಗೆ ನಾನು ಎಷ್ಟು ಒಗ್ಗಿಹೋಗಿದ್ದೆ ಎಂಬುದು ಆ ವರ್ಷದವರೆಗೂ ನನಗೇ ಗೊತ್ತಿರಲಿಲ್ಲ.

ನಾವು ಓಡುತ್ತಿದ್ದ ಸ್ಪರ್ಧೆಯ ವಿಭಾಗದಲ್ಲಿ ಹಳೆಯ ಕಾರುಗಳಿಗೆ ಮಾತ್ರ ಪ್ರವೇಶ. ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ, ಪವರ್ ಸ್ಟೀರಿಂಗ್ ಕೂಡ ಇಲ್ಲ. ಈಗಿನ ಕಾರಿನಲ್ಲಿ ಒದ್ದೆ ರಸ್ತೆಯ ಮೇಲೆ ಗಾಬರಿಯಿಂದ ಬ್ರೇಕ್ ತುಳಿದರೆ ಚಕ್ರ ಪೂರ್ತಿ ನಿಂತುಹೋಗದಂತೆ ಎಬಿಎಸ್ ನೋಡಿಕೊಳ್ಳುತ್ತದೆ. ನಮ್ಮ ಕಾರಿನಲ್ಲಿ ಆ ಕೆಲಸ ಡ್ರೈವರನ ಕಾಲಿನದು. ಚಕ್ರ ಲಾಕ್ ಆಯಿತೋ, ಸ್ಟೀರಿಂಗ್ ಎತ್ತ ತಿರುಗಿಸಿದರೂ ಕಾರು ಮೂಗಿನ ನೇರಕ್ಕೆ ಜಾರುತ್ತದೆ. ಬ್ರೇಕ್ ಬಿಟ್ಟರೆ ಮಾತ್ರ ತಿರುಗುತ್ತದೆ. ಎದುರಿಗೆ ಹಳ್ಳ ಕಾಣುತ್ತಿರುವಾಗ ಬ್ರೇಕ್ ಬಿಡುವುದು ಹೇಳಿದಷ್ಟು ಸುಲಭವಲ್ಲ. ಒಣಗಿದ ರಸ್ತೆಯಲ್ಲಿ ನನ್ನನ್ನು ಹಿಂದಿಕ್ಕುವವರು ನಮ್ಮ ಕಡೆ ಇರಲಿಲ್ಲ. ಮಳೆಯಲ್ಲಿ ಮಾತ್ರ ನಾನು ಸಾಧಾರಣ ಡ್ರೈವರ್. ಇದನ್ನು ಬಲ್ಲವರು ಇಬ್ಬರೇ, ನಾನು ಮತ್ತು ಬಸಣ್ಣ.

ಆ ಮಳೆಗಾಲದ ರ‍್ಯಾಲಿಗೆ ಮೂರು ವಾರ ಇರುವಾಗ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಲು ಹೋಗಿ ನನ್ನ ಎಡಗೈ ಮಣಿಕಟ್ಟು ಸಿಕ್ಕಿಕೊಂಡಿತು. ಮೂಳೆ ಮುರಿಯಲಿಲ್ಲ, ಆದರೆ ಗೇರ್ ಹಾಕುವಷ್ಟು ಬಲ ಬರಲು ಎರಡು ತಿಂಗಳಾದರೂ ಬೇಕು ಎಂದರು ಡಾಕ್ಟರು. ಎಂಟ್ರಿ ಹಾಕಿಯಾಗಿತ್ತು. ಈ ಸಲ ಬಿಟ್ಟುಬಿಡೋಣ ಎಂದು ಬಸಣ್ಣ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಜಗಳೂರಿನಿಂದ ಓಬಮ್ಮನನ್ನು ಕರೆತಂದರು.

ಓಬಮ್ಮನಿಗೆ ಮೂವತ್ತರ ಆಸುಪಾಸು. ಅಪ್ಪನ ನೀರಿನ ಟ್ಯಾಂಕರ್ ಲಾರಿಯನ್ನು ಹತ್ತು ವರ್ಷದಿಂದ ಓಡಿಸುತ್ತಿದ್ದಳು. ಒಂದು ವರ್ಷದಿಂದ ಯಾರದೋ ಕಾರು ಕೇಳಿ ಪಡೆದು ಬಯಲಿನಲ್ಲಿ ಸುತ್ತು ಹಾಕುವ ಪಂದ್ಯಗಳಾದ ಸಣ್ಣಪುಟ್ಟ ಆಟೋಕ್ರಾಸ್‌ಗಳಿಗೆ ಇಳಿಯುತ್ತಿದ್ದಳಂತೆ. ಸಾಸ್ವೆಹಳ್ಳಿ ಹತ್ತಿರದ ಬಯಲಿನಲ್ಲಿ, ಮಳೆ ಬಿದ್ದ ಮಾರನೇ ದಿನ ಅವಳಿಗೆ ನಮ್ಮ ಕಾರು ಕೊಟ್ಟು ನೋಡಿದೆವು. ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು. ಅದೇ ಬಯಲಿನಲ್ಲಿ ಒದ್ದೆ ಮಣ್ಣಿನ ಮೇಲೆ ನನ್ನ ಅತ್ಯುತ್ತಮ ಸುತ್ತಿಗಿಂತ ಅವಳ ಮೂರನೇ ಸುತ್ತು ನಾಲ್ಕು ಸೆಕೆಂಡ್ ಕಡಿಮೆ ಬಂತು. ವಾಚ್ ಕೆಟ್ಟಿದೆಯೇನೋ ಎಂದೆ. ಬಸಣ್ಣ ತಮ್ಮ ಮೊಬೈಲಿನಲ್ಲಿ ಅಳೆದದ್ದನ್ನು ನನ್ನ ಮುಂದೆ ಹಿಡಿದರು. ಅಲ್ಲಿಯೂ ಅಷ್ಟೇ ಇತ್ತು.

ಇಷ್ಟು ನಯವಾಗಿ ಬ್ರೇಕ್ ಹಾಕುವುದನ್ನು ಎಲ್ಲಿ ಕಲಿತೆ ಎಂದು ಬಸಣ್ಣ ಕೇಳಿದ್ದಕ್ಕೆ ಅವಳು ಸಂಕೋಚದಿಂದ, "ಟ್ಯಾಂಕರ್‌ದಾಗೆ ಅರ್ಧ ನೀರಿದ್ದಾಗ ಜೋರಾಗಿ ಒತ್ತಿದ್ರೆ ಹಿಂದಿನ ನೀರು ಬಂದು ನೂಕತೈತ್ರೀ. ಅದಕ್ಕೆ ನೀರು ಹೆಂಗೆ ಹೋಗತೈತೆ ನೋಡ್ಕಂಡೇ ಒತ್ತಾಕೆ ಕಲ್ತೆ," ಎಂದಳು. ನಾನು ಹದಿನೈದು ವರ್ಷ ಹುಡುಕಿದ್ದು ಅವಳಿಗೆ ನೀರು ಸಾಗಿಸುತ್ತಲೇ ಸಿಕ್ಕಿತ್ತು.

ಗ್ಯಾರೇಜಿಗೆ ಮರಳಿದ ಮೇಲೆ ಬಸಣ್ಣ ನನ್ನ ಸೀಟನ್ನು ಅವಳ ಎತ್ತರಕ್ಕೆ ತಕ್ಕಂತೆ ಮುಂದಕ್ಕೆ ಸರಿಸಿ ಬೋಲ್ಟ್ ಬಿಗಿದರು. ಬಾಗಿಲ ಮೇಲಿದ್ದ ನನ್ನ ಹೆಸರಿನ ಮೇಲೆ ಟೇಪ್ ಅಂಟಿಸಿ ಅವಳ ಹೆಸರು ಬರೆಸಿದರು. ಅವಳು ಕಾರಿನ ಒಂದೊಂದು ಸದ್ದನ್ನೂ ವಿವರಿಸಿ ಹೇಳುತ್ತಿದ್ದರೆ ಅವರು ತಲೆದೂಗಿ ಕೇಳುತ್ತಿದ್ದರು. ಅವರು ನನ್ನ ಮಾತನ್ನು ಹಾಗೆ ಕೇಳಿದ್ದು ಯಾವಾಗ ಎಂದು ಯೋಚಿಸುತ್ತ ನಾನು ಮೂಲೆಯಲ್ಲಿ ನಿಂತಿದ್ದೆ. ಆ ವಾರ ಊಟ ರುಚಿಸಲಿಲ್ಲ. ಅವಳು ರ‍್ಯಾಲಿಯಲ್ಲಿ ಸೋಲಲಿ ಎಂದು ನಾನು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಗೆಲ್ಲಬಾರದು ಎಂದು ಮಾತ್ರ ಅಂದುಕೊಳ್ಳುತ್ತಿದ್ದೆ. ಎರಡಕ್ಕೂ ವ್ಯತ್ಯಾಸವಿದೆ ಎಂದು ಆಗ ನಂಬಿದ್ದೆ.

ಪಕ್ಕದ ಸೀಟಿನಲ್ಲಿ ಬಸಣ್ಣನೇ ಕೂರುವುದೆಂದು ನಿಶ್ಚಯವಾಗಿತ್ತು. ನಾನು ಕೂರುತ್ತೇನೆ ಎಂದೆ. ರಸ್ತೆ ನನಗೆ ಗೊತ್ತು, ಬಲಗೈ ನೆಟ್ಟಗಿದೆ, ಬರೆಯಬಲ್ಲೆ ಎಂದೆಲ್ಲ ಕಾರಣ ಕೊಟ್ಟೆ. ನಿಜವಾದ ಕಾರಣ, ನನ್ನ ಕಾರು ನಾನಿಲ್ಲದೆ ಹೋಗುವುದನ್ನು ನೋಡಲಾಗುತ್ತಿರಲಿಲ್ಲ. ಬಸಣ್ಣ ನನ್ನ ಮುಖ ನೋಡಿ ಒಪ್ಪಿದರು.

ನ್ಯಾವಿಗೇಟರ್ ಕೆಲಸವನ್ನು ಇಲ್ಲಿ ಹೇಳಬೇಕು. ರ‍್ಯಾಲಿಯ ಹಿಂದಿನ ದಿನ ಅದೇ ರಸ್ತೆಗಳಲ್ಲಿ ನಿಧಾನವಾಗಿ ಓಡಾಡಿ ನೋಡಲು ಬಿಡುತ್ತಾರೆ. ಇದಕ್ಕೆ ರೆಕ್ಕಿ ಎನ್ನುತ್ತಾರೆ. ಡ್ರೈವರ್ ಪ್ರತಿ ತಿರುವನ್ನೂ ನೋಡಿ ಒಂದು ಅಂಕಿ ಹೇಳುತ್ತಾನೆ. ಒನ್ ಎಂದರೆ ತೀರ ಕಡಿದಾದ ತಿರುವು, ಸಿಕ್ಸ್ ಎಂದರೆ ಹೆಚ್ಚುಕಡಿಮೆ ನೇರ; ಅಂಕಿ ದೊಡ್ಡದಾದಷ್ಟೂ ಹೆಚ್ಚು ವೇಗದಲ್ಲಿ ಹೋಗಬಹುದು. ನ್ಯಾವಿಗೇಟರ್ ಅದನ್ನು ಬರೆದುಕೊಂಡು, ಆಮೇಲೆ ಶುದ್ಧಪ್ರತಿ ಮಾಡಿ, ರೇಸಿನ ದಿನ ಹೆಲ್ಮೆಟ್ಟಿನ ಮೈಕಿನಲ್ಲಿ ಓದುತ್ತಾನೆ. ಮಳೆಯಲ್ಲಿ ಮುಂದಿನ ಗಾಜಿನಿಂದಾಚೆ ಏನೂ ಕಾಣದಿದ್ದಾಗ ಡ್ರೈವರ್ ಕೇಳಿಸಿಕೊಂಡೇ ಓಡಿಸುತ್ತಾನೆ. ಆ ಪುಸ್ತಕಕ್ಕೆ ಪೇಸ್ ನೋಟ್ಸ್ ಎಂದು ಹೆಸರು. ಅದರಲ್ಲಿ ಇರಬೇಕಾದದ್ದು ಡ್ರೈವರನ ಕಣ್ಣು, ನ್ಯಾವಿಗೇಟರನ ಅಭಿಪ್ರಾಯವಲ್ಲ.

ಸಮಯ ಅಳೆದು ಓಡಿಸುವ ಮೂರು ರಸ್ತೆಭಾಗಗಳು, ಅಂದರೆ ಮೂರು ಸ್ಟೇಜ್‌ಗಳಿದ್ದವು. ಮೊದಲನೆಯದು ಸಂತೇಬೆನ್ನೂರು ಕಡೆಯ ಮೆಕ್ಕೆಜೋಳದ ಹೊಲಗಳ ನಡುವೆ, ಎರಡನೆಯದು ಚನ್ನಗಿರಿಯಿಂದ ಹೊನ್ನಾಳಿ ಕಡೆಗೆ ಹೋಗುವ ನಾಲೆ ಏರಿಯ ಮೇಲೆ, ಕೊನೆಯದು ಜಗಳೂರಿನ ಕೆಮ್ಮಣ್ಣಿನಲ್ಲಿ. ರೆಕ್ಕಿಯಲ್ಲಿ ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ನಾನಾಗಿದ್ದರೆ ತ್ರೀ ಎನ್ನುತ್ತಿದ್ದ ತಿರುವುಗಳಿಗೆ ಅವಳು ಸಲೀಸಾಗಿ ಫೋರ್ ಎನ್ನುತ್ತಿದ್ದಳು.

ಸಂಜೆ ಶುದ್ಧಪ್ರತಿ ಮಾಡಲು ಕೂತೆ. ಮೋಡ ಕಟ್ಟಿತ್ತು. ಮೊದಲ ಫೋರ್ ಬಂದಾಗ ಪೆನ್ನು ನಿಂತಿತು. ನಾಳೆ ಮಳೆ ಬಂದರೆ ಈ ಹೆಂಗಸು ಕಾರು ಹಾಳುಮಾಡುತ್ತಾಳೆ ಎಂದುಕೊಂಡು ತ್ರೀ ಎಂದು ಬರೆದೆ. ಎರಡನೆಯದನ್ನು ಬದಲಿಸುವಾಗ ಕೈ ಅಷ್ಟು ಹೊತ್ತು ನಿಲ್ಲಲಿಲ್ಲ. ಎಲ್ಲ ತಿರುವುಗಳನ್ನೂ ಬದಲಿಸಲಿಲ್ಲ. ನಾನು ಹೋಗಲಾರದ ವೇಗದಲ್ಲಿ ಅವಳು ಹೋಗುವೆನೆಂದು ಹೇಳಿದ್ದ ತಿರುವುಗಳನ್ನು ಮಾತ್ರ ಬದಲಿಸಿದೆ. ಒಟ್ಟು ಇಪ್ಪತ್ತಾರು. ಮಾರನೇ ದಿನ ಅವಳಿಗೆ ಹೇಳಲಿಲ್ಲ.

ಬೆಳಿಗ್ಗೆಯಿಂದಲೇ ಮಳೆ ಹಿಡಿಯಿತು. ಸಂತೇಬೆನ್ನೂರಿನ ಸ್ಟೇಜ್‌ನಲ್ಲಿ ನಾನು ತ್ರೀ ಎಂದಾಗಲೆಲ್ಲ ಅವಳು ಅದಕ್ಕೆ ತಕ್ಕಂತೆ ವೇಗ ಇಳಿಸಿದಳು. ತಿರುವಿನೊಳಗೆ ಹೋದ ಮೇಲೆ ಅಷ್ಟು ಇಳಿಸಬೇಕಿರಲಿಲ್ಲ ಎಂದು ಕಾರಿಗೇ ಗೊತ್ತಾಗುತ್ತಿತ್ತು. ಅವಳು ಏನೂ ಕೇಳಲಿಲ್ಲ. ಸ್ಟೇಜ್ ಮುಗಿದಾಗ ನಾವು ಐದನೆಯವರು. ಅವಳ ಮುಖ ಬಾಡಿತ್ತು. ನನಗೆ ಒಳಗೊಳಗೇ ಹಿತವೆನಿಸಿತು. ಅದನ್ನು ಬರೆಯಲು ನಾಚಿಕೆಯಾದರೂ ಬರೆಯದಿದ್ದರೆ ಈ ಕಥನಕ್ಕೆ ಅರ್ಥವಿಲ್ಲ.

ಎರಡನೇ ಸ್ಟೇಜ್ ಒಂಬತ್ತು ಕಿಲೋಮೀಟರ್. ಎಡಕ್ಕೆ ತುಂಬಿ ಹರಿಯುವ ನಾಲೆ, ಬಲಕ್ಕೆ ಗದ್ದೆ. ಮೊದಲ ಎರಡು ಕಿಲೋಮೀಟರ್‌ನಲ್ಲೇ ಅವಳು ನನ್ನ ಓದನ್ನು ಮೀರಿ ಓಡಿಸತೊಡಗಿದ್ದು ಗಮನಕ್ಕೆ ಬಂತು. ನಾನು ತ್ರೀ ಎಂದರೆ ಅವಳು ಫೋರ್‌ನ ವೇಗದಲ್ಲೇ ಹೋಗುತ್ತಿದ್ದಳು, ಕಾರು ಹಳಿಯ ಮೇಲಿದ್ದಂತೆ ತಿರುಗುತ್ತಿತ್ತು. ನನ್ನ ತಿದ್ದುಪಡಿಯನ್ನು ಅವಳ ಕಾಲು ತಾನಾಗಿಯೇ ಅಳಿಸಿಹಾಕುತ್ತಿತ್ತು. ಅಲ್ಲಲ್ಲಿ ಕೊಡೆ ಹಿಡಿದು ನಿಂತ ಜನ ಕೈಬೀಸುತ್ತಿದ್ದರು. ಹದಿನೈದು ವರ್ಷ ನನಗೆ ಬೀಸಿದ ಕೈಗಳವು. ಮೈಕಿನಲ್ಲಿ ನನ್ನ ದನಿ ಗಡುಸಾಯಿತು.

ಆರನೇ ಕಿಲೋಮೀಟರ್ ದಾಟಿದ ಮೇಲೆ ಬಲಕ್ಕೊಂದು ತಿರುವು. ಒಳಗೆ ಹೋದಂತೆ ಕಡಿದಾಗುವಂಥದ್ದು. ಅದನ್ನು ಅವಳೇ ತ್ರೀ ಎಂದು ಹೇಳಿದ್ದಳು, ನಾನೂ ತ್ರೀ ಎಂದೇ ಬರೆದಿದ್ದೆ. "ರೈಟ್ ತ್ರೀ, ಟೈಟನ್ಸ್" ಎಂದು ಓದಿದೆ. ಅವಳು ಫೋರ್‌ನ ವೇಗದಲ್ಲಿ ಒಳಗೆ ಹೋದಳು.

ಮುಂದಿನ ಚಕ್ರಗಳು ಲಾಕ್ ಆದದ್ದು ಸೀಟಿನಲ್ಲೇ ಗೊತ್ತಾಯಿತು. ಕಾರು ತಿರುಗದೆ ನೇರ ನಾಲೆಯ ಕಡೆಗೆ ಜಾರಿತು. ಎಡಗಡೆ ಕೂತವನು ನಾನು. ಇಲ್ಲದ ಬ್ರೇಕನ್ನು ನನ್ನ ಕಾಲು ನೆಲದಲ್ಲಿ ತುಳಿಯುತ್ತಿತ್ತು. ಅವಳು ಬ್ರೇಕ್ ಬಿಟ್ಟಳು. ನೀರು ಎದುರಿಗಿರುವಾಗ ಬಿಟ್ಟಳು. ಚಕ್ರ ಉರುಳಿತು, ಮೂಗು ಬಲಕ್ಕೆ ತಿರುಗಿತು, ಹಿಂಭಾಗ ಬೀಸಿಕೊಂಡು ಹೋಗಿ ಎಡಗಡೆಯ ಹಿಂದಿನ ಚಕ್ರ ಏರಿಯಿಂದ ಕೆಳಗಿಳಿಯಿತು. ಕಾರು ನನ್ನ ಕಡೆಗೆ ವಾಲಿ ನಿಂತಿತು. ನನ್ನ ಕಿಟಕಿಯ ಕೆಳಗೆ ಕೆಂಪು ನೀರು ಸದ್ದಿಲ್ಲದೆ ಓಡುತ್ತಿತ್ತು.

ಅವಳು ಮೈಕಿನಲ್ಲಿ, ಅಲ್ಲಾಡಬೇಡ್ರಿ ಎಂದಷ್ಟೇ ಹೇಳಿದಳು. ಗದ್ದೆಯಲ್ಲಿದ್ದ ನಾಲ್ಕು ಜನ ಮತ್ತು ಸ್ಪರ್ಧೆಯ ಕಾವಲಿಗೆ ನಿಂತಿದ್ದ ಒಬ್ಬ ಮಾರ್ಷಲ್ ಹಗ್ಗ ಕಟ್ಟಿ ಎಳೆದರು. ಒಂದೂವರೆ ನಿಮಿಷ ಹೋಯಿತು. ಕಾರಿಗೆ ಹೆಚ್ಚೇನೂ ಆಗಿರಲಿಲ್ಲ. ಉಳಿದ ದೂರವನ್ನು ಅವಳು ನೋಡಿಕೊಂಡು ನಿಧಾನವಾಗಿ ಓಡಿಸಿದಳು. ನಾನು ಓದಿದೆನೋ ಇಲ್ಲವೋ ನೆನಪಿಲ್ಲ.

ಸ್ಟೇಜ್ ಮುಗಿದ ಮೇಲೆ ರಸ್ತೆ ಪಕ್ಕ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಪುಸ್ತಕ ಕೊಡಿ ಎಂದಳು. ಪುಟ ತಿರುಗಿಸುತ್ತ ಹೋದಳು. ಓಟದ ಭರದಲ್ಲಿ ಹೊಳೆಯದಿದ್ದರೂ, ಪುಟ ಎದುರಿಗಿದ್ದಾಗ ತಾನು ಹೇಳಿದ ಪ್ರತಿಯೊಂದು ತಿರುವೂ ಅವಳಿಗೆ ನೆನಪಾಯಿತು.

"ಅಣ್ಣ, ಎಷ್ಟು ತಿದ್ದೀರಿ?"

ಇಪ್ಪತ್ತಾರು ಎಂದೆ. ಮಳೆ, ಎಬಿಎಸ್ ಇಲ್ಲದ ಕಾರು, ಸುರಕ್ಷತೆ ಎಂದು ಏನೇನೋ ಸೇರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬೆಳಿಗ್ಗೆ ನೀವು ಮಳೆ ನೋಡಿ ಓದ್ತಿದೀರಿ, ಹಿರಿಯರು ಅಂದ್ಕಂಡೆ. ಆಮೇಲೆ ನಿಮ್ಮ ತ್ರೀ ಅಂದ್ರೆ ಫೋರ್ ಅಂತ ನನ್ನ ಕಾಲಿಗೆ ರೂಢಿ ಆಗೋತು. ನಾಲೆ ಹತ್ರ ನೀವು ಖರೇನೇ ಹೇಳಿದ್ರಿ, ನಾನು ನಂಬಲಿಲ್ಲ." ಪುಸ್ತಕ ಮುಚ್ಚಿ ಹೇಳಿದಳು: "ಮಳೆಗೆ ಹೆದರಿ ತಿದ್ದಿದ್ರೆ ನಂಗೆ ಹೇಳ್ತಿದ್ರಿ."

ಹೊಟ್ಟೆಕಿಚ್ಚು ಎಂಬ ಪದವನ್ನು ಅವಳು ಬಳಸಲಿಲ್ಲ. ನಾನೇ ಬಳಸಿದೆ. ನೀನು ನನಗಿಂತ ಚೆನ್ನಾಗಿ ಓಡಿಸುವುದನ್ನು ನೋಡಲಾಗಲಿಲ್ಲ ಎಂದೆ. ಅವಳು ನಾಲೆ ಕಡೆ ತಿರುಗಿ ಫೋನ್ ತೆಗೆದಳು. ಅವಳ ಮನೆಯಲ್ಲಿ ಪುಟ್ಟ ಮಗಳಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಗಲೇ. ಅವಳು ನನಗೆ ಹೇಳಲಿಲ್ಲ, ಮಗಳ ಹತ್ತಿರ ಊಟ ಆಯಿತಾ ಎಂದು ಫೋನಿನಲ್ಲಿ ಕೇಳಿದಳು.

ಆಮೇಲೆ ಪೆನ್ನು ತೆಗೆಯಿರಿ ಎಂದಳು. ಜಗಳೂರಿನವರೆಗೆ ಸಾಮಾನ್ಯ ರಸ್ತೆಯಲ್ಲಿ ಕಾರು ಓಡಿಸುತ್ತಲೇ ಕೊನೆಯ ಸ್ಟೇಜ್‌ನ ತಿರುವುಗಳನ್ನು ಒಂದೊಂದಾಗಿ ನೆನಪಿನಿಂದ ಹೇಳಿದಳು. ನಾನು ನನ್ನ ತ್ರೀಗಳನ್ನು ಹೊಡೆದುಹಾಕಿ ಅವಳ ಫೋರ್‌ಗಳನ್ನು ಬರೆದೆ. ಒಂದು ಕಡೆ ಮಾತ್ರ, ಇಳಿಜಾರಿನ ಕೊನೆಯಲ್ಲಿ ಮಣ್ಣು ಸಡಿಲ ಇದೆ, ಇಲ್ಲಿ ನನಗೆ ನಿಜವಾಗಿ ಭಯ ಎಂದೆ. ಅವಳು ಯೋಚಿಸಿ, "ಹಂಗಾದ್ರೆ ಅದನ್ನ ತ್ರೀ ಮಾಡ್ರಿ," ಎಂದಳು.

ಜಗಳೂರಿನಲ್ಲಿ ಮಳೆ ಇನ್ನೂ ಜೋರಾಗಿತ್ತು. ವೈಪರ್ ಇದ್ದೂ ಇಲ್ಲದಂತೆ. ಅವಳು ನನ್ನ ದನಿಯನ್ನೇ ನಂಬಿ ಓಡಿಸಿದಳು. ಬೆಳಿಗ್ಗೆ ಹಾಗೆ ಮಾಡಿದವನ ದನಿಯನ್ನು ಮಧ್ಯಾಹ್ನ ಹೇಗೆ ನಂಬಿದಳೋ ನನಗೆ ಈಗಲೂ ತಿಳಿಯದು. ಆ ಸ್ಟೇಜ್‌ನಲ್ಲಿ ನಮ್ಮ ಸಮಯವೇ ಎಲ್ಲರಿಗಿಂತ ಕಡಿಮೆ. ನಾಲೆಯ ಹತ್ತಿರ ಕಳೆದ ಒಂದೂವರೆ ನಿಮಿಷದಿಂದಾಗಿ ಒಟ್ಟು ಲೆಕ್ಕದಲ್ಲಿ ಒಂಬತ್ತನೆಯವರಾದೆವು. ಅದಿಲ್ಲದಿದ್ದರೆ ಅವಳು ಗೆಲ್ಲುತ್ತಿದ್ದಳು. ಊರಿನವರು ಓಬಕ್ಕ ಎನ್ನುತ್ತ ಕಾರನ್ನು ಮುತ್ತಿಕೊಂಡಾಗ ನನ್ನ ಎದೆಯಲ್ಲಿ ಮತ್ತೆ ಅದೇ ಉರಿ ಎದ್ದಿತು. ತಪ್ಪೊಪ್ಪಿಕೊಂಡರೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ಭಾವಿಸಿದ್ದೆ. ಹೋಗಲಿಲ್ಲ.

ಬಸಣ್ಣನಿಗೆ ಅವಳು ಹೇಳಲಿಲ್ಲ. ಮಳೆ ಕಣಣ್ಣ, ಜಾರಿತು ಎಂದಳು. ಎರಡು ದಿನ ಕಳೆದ ಮೇಲೆ ಗ್ಯಾರೇಜಿನಲ್ಲಿ ನಾನೇ ಹೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಹದಿನೈದು ವರ್ಷ ನಿನ್ನ ಪಕ್ಕ ಕುಂತು ಓದೀನಿ ಪರಮೇಶ. ಒಂದಿನ ನಾನೂ ಹಿಂಗೆ ಮಾಡಬಹುದಿತ್ತು," ಎಂದು ಹೇಳಿ ಒಳಗೆ ಹೋದರು. ಕೈ ಗುಣವಾದ ಮೇಲೂ ಅವರು ಕಾರನ್ನು ನನಗೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಆ ವರ್ಷವೆಲ್ಲ ಓಬಮ್ಮನ ಪಕ್ಕ ಬಸಣ್ಣ ಕೂತರು. ಎರಡು ರ‍್ಯಾಲಿ ಗೆದ್ದರು. ಎರಡೂ ಸಲ ಫಲಿತಾಂಶವನ್ನು ನಾನು ಮೊಬೈಲಿನಲ್ಲಿ ನೋಡಿದೆ.

ಮರುವರ್ಷ ಮಳೆಗಾಲಕ್ಕೆ ಬಸಣ್ಣನ ಸೊಂಟ ಹಿಡಿದುಕೊಂಡಿತು. ಓಬಮ್ಮ ನನಗೆ ಫೋನ್ ಮಾಡಿದಳು. ಬೇರೆ ಯಾರೂ ಸಿಗಲಿಲ್ಲವೇ ಎಂದು ಕೇಳಿದೆ.

"ಸಿಕ್ಕಾರೆ. ನೀವು ಓದೋ ದನಿ ಚೊಲೋ ಐತೆ ಅಣ್ಣ, ಅವಸರ ಇಲ್ಲ. ಬರೆದಿದ್ದನ್ನ ಮಾತ್ರ ನಾನು ಒಂದ್ಸಲ ನೋಡ್ತೀನಿ."

ಆಗಿನಿಂದ ಇಂದಿನವರೆಗೆ ನಾನು ಅವಳ ನ್ಯಾವಿಗೇಟರ್. ಶುದ್ಧಪ್ರತಿಯ ಪ್ರತಿ ಪುಟವನ್ನೂ ಅವಳು ಓದಿ ಮುಗಿಸಿದ ಮೇಲೆಯೇ ನಾವು ಕಾರು ಹತ್ತುವುದು. ಚನ್ನಗಿರಿಯಲ್ಲಿ ಈಗ ಕೆಲವರಿಗೆ ಈ ಕೆಲಸ ಹೇಳಿಕೊಡುತ್ತೇನೆ. ಡ್ರೈವರ್ ತಪ್ಪು ಹೇಳಿದ ಹಾಗೆ ಕಂಡರೆ ಏನು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಕಾರು ನಿಲ್ಲಿಸಿ ಮುಖ ನೋಡಿ ಹೇಳಿ, ಒಪ್ಪಿದರೆ ಮಾತ್ರ ತಿದ್ದಿ ಎನ್ನುತ್ತೇನೆ. ಮುಖ ನೋಡಿ ಹೇಳಲಾಗದ ಎಚ್ಚರಿಕೆ ಎಚ್ಚರಿಕೆಯಲ್ಲ ಎಂದು ಈ ವೃತ್ತಿ ನನಗೆ ಕಲಿಸಿತು. ಹೊಟ್ಟೆಕಿಚ್ಚನ್ನು ಬಿಡಿಸುವ ಪಾಠವನ್ನು ಅದು ಕಲಿಸಲಿಲ್ಲ. ಮಳೆಯಲ್ಲಿ ಅವಳು ನೀರಿನ ಎದುರು ಬ್ರೇಕ್ ಬಿಟ್ಟಾಗಲೆಲ್ಲ ನನಗೆ ಈಗಲೂ ಉರಿಯುತ್ತದೆ. ಉರಿಯುತ್ತಿರುವಾಗಲೇ ಮುಂದಿನ ಸಾಲನ್ನು ಇದ್ದದ್ದು ಇದ್ದ ಹಾಗೆ ಓದುತ್ತೇನೆ.