ಲ್ಯಾಪ್‌ಟಾಪಿಗೆ ಬಿದ್ದ ಜೋಳದ ಹಿಟ್ಟು

ಬೆಳಿಗ್ಗೆ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದೆ. ಮಗಳು ಪಕ್ಕದಲ್ಲೇ ಕುಳಿತು, ಮರುದಿನ ಕಾಲೇಜಿಗೆ ಒಪ್ಪಿಸಬೇಕಾದ ಪ್ರಾಜೆಕ್ಟ್ ಮುಗಿಸುತ್ತಿದ್ದಳು. ಅವಳ ಮೊಣಕೈ ತಾಗಿ ಬೆಲ್ಲದ ಪಾನಕದ ಲೋಟ ಲ್ಯಾಪ್‌ಟಾಪಿನ ಮೇಲೆ ಉರುಳಿತು. ನಾನು ವೈರು ಕಿತ್ತು ಬಟ್ಟೆ ತರುವಷ್ಟರಲ್ಲಿ, ಅತ್ತೆಯವರು ಅದರ ಮೇಲೆ ಒಂದು ಹಿಡಿ ಜೋಳದ ಹಿಟ್ಟು ಉದುರಿಸಿಬಿಟ್ಟಿದ್ದರು!

“ಕೈಗೆ ಅಂಟಿದ್ದನ್ನ ಒಣ ಹಿಟ್ಟು ಹಚ್ಚಿ ಹಿಂಗ ಬಿಡಸ್ತೇವಲ್ಲ?” ಎಂದರು.

“ಅಜ್ಜಿ, ನನ್ನ ಪ್ರಾಜೆಕ್ಟಿನ್ಯಾಗ ರೊಟ್ಟಿ ಬಡೀತಿಯೇನ?” ಎಂದು ಮಗಳು ಅಳತೊಡಗಿದಳು.

ಸಿಟ್ಟು ನೆತ್ತಿಗೇರಿತು. ಆದರೆ ಅತ್ತೆಗೆ ಏನೆನ್ನಲಿ? ಮಧ್ಯಾಹ್ನವೆಲ್ಲ ಒದ್ದೆ ಹತ್ತಿಯಿಂದ ಕೀಲಿಗಳ ಸಂದಿ ಒರೆಸಿದೆ. ಒಂದು ಕಡೆ ಬಿಟ್ಟ ಹಿಟ್ಟು ಇನ್ನೊಂದು ಕಡೆ ಅಂಟುತ್ತಿತ್ತು. ಅತ್ತೆ ಊಟವನ್ನೂ ಬಿಟ್ಟು, ದೀಪದ ಬತ್ತಿಯಂತೆ ಹತ್ತಿ ಹೊಸೆದು ಕೊಡುತ್ತಲೇ ಇದ್ದರು.

ಸಂಜೆ ಲ್ಯಾಪ್‌ಟಾಪ್ ಶುರುವಾಯಿತು. ಮಗಳು ಪ್ರಾಜೆಕ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಂಡಳು. ಇನ್ನಷ್ಟು ಒಣಗಲೆಂದು ಲ್ಯಾಪ್‌ಟಾಪನ್ನು ಕಡಕ್ ರೊಟ್ಟಿ ಆರಿಸುವ ಬಟ್ಟೆಯ ಮೇಲೆ, ಫ್ಯಾನಿನ ಕೆಳಗೆ ಬೋರಲು ಹಾಕಿ, ಮೂವರೂ ಸುತ್ತ ಕುಳಿತೆವು. ಮೊಸರಿನ ಹೆಪ್ಪಿಗೆ ಬಂದ ಪಕ್ಕದ ಮನೆ ರಜಿಯಾ ಬಾಗಿಲಲ್ಲೇ ನಿಂತು ಅಂದ ಮಾತಿಗೆ ಅತ್ತೆಯೇ ಮೊದಲು ನಕ್ಕರು:

“ಏನ್ರಿ ಅಕ್ಕಾರ, ಒಂದ ರೊಟ್ಟಿ ಆರಾಕ ಮೂರ ಮಂದಿ ಕಾವಲಾ?”